ಬ್ಯಾಲೆನ್ಸ್ ಸಾರು

ಹೆತ್ತೂರಿನಲ್ಲಿ ಕಾಫಿ ಹೂ ಅರಳಿದ ಸದ್ದನ್ನು ಸಕಲೇಶಪುರದಲ್ಲಿ ಕೂತು ಕೇಳಿಸಿಕೊಂಡವನು ನಾನು. ಅಂಥವನಿಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಮುನಿಯಮ್ಮನೂ ಅವಳ ತಮ್ಮನ ಹೆಂಡತಿ ಶೀಲಾಳೂ ಆಡುತ್ತಿದ್ದ ಮಾತು ಕೇಳಿಸದೆ ಇರುತ್ತದೆಯೇ?

“ಭಾನುವಾರ ನಾಮಕರಣಕ್ಕೆ ಬನ್ನಿ ಅತ್ತಿಗೆ. ಸೋದರತ್ತೆ ಇಲ್ದೆ ಮಗೂಗೆ ಹೆಸರು ಕರೆಯೋರ್ಯಾರು?”

“ನಾನು ಬರಲ್ಲ ಕಣೇ. ನಿಮ್ಮನೆ ಹರಕೆ ಊಟದ ದಿನ ಜ್ವರ ಬಂದು ಮಲಗಿದ್ದೆ. ಬ್ಯಾಲೆನ್ಸ್ ಸಾರು ಊರಿಗೆಲ್ಲಾ ಹಂಚಿದ್ರಂತೆ, ನಂಗೆ ಒಂದು ಸೌಟೂ ಇಲ್ಲ.”

“ಮಿಕ್ಕಿದ್ದಕ್ಕೆ ಇಷ್ಟೊಂದು ಮುನಿಸಾ?”

“ಮಿಕ್ಕಿದ್ದನ್ನ ನಾಯಿಗೂ ಹಾಕ್ತಾರೆ. ಬ್ಯಾಲೆನ್ಸ್ ಅಂದ್ರೆ ಬರದೇ ಇದ್ದೋರಿಗೆ ಅಂತ ಎತ್ತಿಡೋದು. ಎಸ್ಟೇಟಲ್ಲಿ ಕೆಲಸ ಮಾಡ್ಸೋ ರೈಟರು ‘ಇನ್ನೆರಡು ಸಾಲು ಗಿಡ ಬ್ಯಾಲೆನ್ಸ್ ಐತೆ’ ಅಂದ್ರೆ, ಬುಟ್ಟೋಗು ಅಂತಾನಾ? ಮುಗಿಸು ಅಂತ!”

“ಎತ್ತಿಟ್ಟಿದ್ವಲ್ಲ ಅತ್ತಿಗೆ! ಕ್ಯಾರಿಯರ್ ತುಂಬಾ ತುಂಬಿ ನಿಮ್ಮೂರೋರ ಕೈಲೇ ಕಳ್ಸಿದ್ವಿ.”

“ಯಾರ ಕೈಲಿ?”

ಶೀಲಾ ಹಿಂದಕ್ಕೆ ತಿರುಗಿದಳು. “ಇಗೋ, ಈ ಧರ್ಮಣ್ಣನ ಕೈಲಿ.”

ನನಗೆ ತಕ್ಷಣ ಗಾಢ ನಿದ್ದೆ ಬಂತು. ಮುನಿಯಮ್ಮ ಭುಜ ಹಿಡಿದು ಅಲುಗಾಡಿಸಿದಳು.

“ಧರ್ಮ, ಸಾರೆಲ್ಲೋ?”

“ಹೊಂಗಡಹಳ್ಳದ ತಿರುವಲ್ಲಿ ಆನೆ ಅಡ್ಡ ಬಂತು ಮುನಿಯಕ್ಕಾ. ಅದೇ ಕುಡಿದ್ಬುಡ್ತು.”

“ಆನೆ ಮಟನ್ ಸಾರು ಕುಡೀತದೇನೋ ಮಾರಾಯ?”

ಇಡೀ ಬಸ್ಸು ನನ್ನತ್ತ ತಿರುಗಿತು.

“ಇಲ್ಲ ಅಕ್ಕಾ, ನಾನೇ ತಿಂದೆ. ಒಂದು ತುಂಡು ಅಂತ ಮುಚ್ಚಳ ತೆಗ್ದೆ. ಆಮೇಲೆ ತಳದಲ್ಲಿ ಇಷ್ಟೇ ಇಷ್ಟು ಬ್ಯಾಲೆನ್ಸ್ ಕೊಟ್ರೆ ನಿಮಗೆ ಬೇಜಾರಾಗ್ತದೆ ಅಂತ ಅದನ್ನೂ ಮುಗಿಸ್ದೆ. ತಮ್ಮನ ಮನೇದು ಏನೂ ತಪ್ಪಿಲ್ಲ. ಹೋಗಿ, ಮಗೂಗೆ ಹೆಸರು ಕರೀರಿ.”