ಎತ್ತಿದಷ್ಟೂ ನೀರು

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗನಿಗೇ ಆಗಿದ್ದು. ಊಟ ಬಿಸಿ ಇದ್ರೆ ಬಾಯಿ ಸುಟ್ಟಿತು ಅಂತ, ಆರಿದ್ರೆ ಆರಿಹೋಯ್ತು ಅಂತ ಗೊಣಗ್ತಾನಲ್ಲ... ಅವನೇ. ಮನೆಯವರೆಲ್ಲ ಅವನನ್ನ ಗೊಣಗಣ್ಣ ಅಂತಲೇ ಕರೆಯೋದು. ಅವನಿಗೆ ಸುಳ್ಳು ಹೇಳೋಕೆ ಬರಲ್ಲ. ಸುಳ್ಳು ಹೇಳೋಕೆ ಸ್ವಲ್ಪ ಉತ್ಸಾಹ ಬೇಕು ನೋಡಿ. ಅದು ಅವನ ಹತ್ರ ಇಲ್ಲ.

ಅವತ್ತು ರಾತ್ರಿ ಬಂದರಿನಿಂದ ಮನೆಗೆ ನಡ್ಕೊಂಡು ಬರ್ತಿದ್ದ. ಹಗ್ಗ ಹೊಸೆಯೋರ ಅಂಗಡಿ ಹಿಂದೆ ಒಂದು ಹಾಳು ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಅದನ್ನ ಬಳಸ್ಕೊಂಡೇ ದಾರಿ. ಪ್ಯಾಂಟು ಮಂಡಿ ತನಕ ಒದ್ದೆ. ಬೂಟಿನೊಳಗೆ ನೀರು. ಹೆಜ್ಜೆಗೊಂದು ಪಚಕ್... ಹೆಜ್ಜೆಗೊಂದು ಪಚಕ್... ದಾರಿಯುದ್ದಕ್ಕೂ ದೋಣಿಗೆ ಬೈಕೊಂಡೇ ಬರ್ತಿದ್ದ.

ಬೈಯದೆ ಏನು ಮಾಡ್ತಾನೆ? ಆ ದೋಣಿ ನೀರಿಗಿಳಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಸರಕು ದೋಣಿ. ಮೇಲೆ ಹಲಗೆ ಹಾಸು, ಕೆಳಗೆ ಹೊಟ್ಟೆ, ಅಂದ್ರೆ ಮೂಟೆ ತುಂಬೋ ಜಾಗ. ಆ ಹೊಟ್ಟೆಯಲ್ಲಿ ನೀರು ನಿಲ್ತಿತ್ತು. ಯಾವ ದೋಣಿಗಾದ್ರೂ ಒಂದಿಷ್ಟು ನೀರು ಬರುತ್ತೆ, ಮನುಷ್ಯನಿಗೆ ಬೆವರು ಬರೋ ಹಾಗೆ. ಆದ್ರೆ ಇದು ಬೆವರಲ್ಲ. ಸಾಯಂಕಾಲ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಬಂದ್ರೆ, ಬೆಳಿಗ್ಗೆ ಮಂಡಿಯುದ್ದ ನೀರು!

ಪಂಪು ಇಟ್ಟ. ಸುಟ್ಟುಹೋಯ್ತು. ಇನ್ನೊಂದು ತಂದ. ಅದೂ ಬುರ್ರ್... ಬುಸ್ ಅಂತ ಕಣ್ಣು ಮುಚ್ಚಿತು. ದೋಣಿ ಕಟ್ಟಿದ ಬಡಗಿಯನ್ನ ಕರೆಸಿ, ದೋಣಿನ ದಡಕ್ಕೆ ಎಳೆಸಿ, ಸಂದುಸಂದೂ ತಟ್ಟಿಸಿ ನೋಡಿಸಿದ. ಬಡಗಿ ಹೊಟ್ಟೆಯೊಳಗೆ ನೀರು ತುಂಬಿಸಿ, ತಾನು ದೋಣಿ ಕೆಳಗೆ ಅಂಗಾತ ಮಲಗಿ ಕಾದ. ಒಂದು ತೊಟ್ಟೂ ಸೋರಲಿಲ್ಲ.

"ಅಣ್ಣಾ, ಇದು ಕೊಡದ ಹಾಗಿದೆ. ಇದರಿಂದ ನೀರು ಹೊರಗೂ ಹೋಗಲ್ಲ, ಒಳಗೂ ಬರಲ್ಲ" ಅಂದ ಬಡಗಿ.

"ಕೊಡವೇ ಕಣಯ್ಯಾ! ಅದಕ್ಕೇ ತುಂಬ್ಕೊಂಡು ಕೂತಿದೆ" ಅಂದ ನಮ್ಮ ಗೊಣಗಣ್ಣ.

ಅವತ್ತು ಅವನ ತಲೆ ಕೆಟ್ಟಿದ್ದಕ್ಕೆ ಕಾರಣ ಇತ್ತು. ಮಾರನೇ ಬೆಳಿಗ್ಗೆ ಸಿಮೆಂಟು ತುಂಬಬೇಕಿತ್ತು. ಹಿಂದಿನ ಸಲ ಕೆಳಸಾಲಿನ ಮೂಟೆಗಳೆಲ್ಲ ನೀರು ಕುಡಿದು ಕಲ್ಲಾಗಿದ್ವು. ಈ ಸಲವೂ ಹಾಗಾದ್ರೆ ಬೇರೆ ದೋಣಿ ನೋಡ್ಕೋತೀವಿ ಅಂತ ಕಾರ್ಖಾನೆಯವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು. ಇವನೂ ಹಟಕ್ಕೆ ಬಿದ್ದಿದ್ದ. ಬೆಳಿಗ್ಗೆ ಮನೆ ಬಿಡೋವಾಗ ಹೆಂಡತಿಗೆ, ಅಂದ್ರೆ ನಮ್ಮ ಅತ್ತಿಗೆಗೆ ಹೇಳಿದ್ದ: "ನಾಳೆ ಅದರೊಳಗೆ ನೀರು ಕಂಡ್ರೆ ಕೊಡಲಿ ಹಾಕಿಸ್ತೀನಿ. ಸೌದೆ ಆಗಲಿ."

ಅತ್ತಿಗೆಗೆ ಆ ಮಾತು ಚುಚ್ಚಿತ್ತು. ಯಾಕಂದ್ರೆ ಆ ದೋಣಿಯ ಅಡಿಮರ ಅವಳ ತವರಿಂದ ಬಂದಿದ್ದು. ಅಡಿಮರ ಅಂದ್ರೆ ದೋಣಿಗೆ ಬೆನ್ನುಮೂಳೆ ಇದ್ದ ಹಾಗೆ. ಅವಳಪ್ಪನ ದೋಣಿ ಮುಳುಗಿದ್ದು, ಅಪ್ಪ ನೀರುಪಾಲಾಗಿದ್ದು ಅವಳು ಚಿಕ್ಕವಳಿದ್ದಾಗ. ದೋಣಿನ ಆಮೇಲೆ ಮೇಲೆತ್ತಿದ್ರು. ಅಪ್ಪ ಸಿಗಲಿಲ್ಲ. ಆ ದೋಣಿಯ ಅಡಿಮರ ಮಾತ್ರ ಹಿತ್ತಲ ಕೊಟ್ಟಿಗೆಯಲ್ಲಿ ಕಬ್ಬಿಣದ ಹಾಗೆ ಬಿದ್ದಿತ್ತು. "ಇಂಥ ಮರ ಈಗ ದುಡ್ಡು ಕೊಟ್ರೂ ಸಿಗಲ್ಲ" ಅಂತ ಬಡಗಿಯೇ ಕೇಳಿ ತರಿಸಿದ್ದ.

ಸರಿ... ಬಾವಿ ಹತ್ರ ಬಂದ. ಬೂಟಿನ ನೀರು ಸುರಿಯೋಣ ಅಂತ ಕಟ್ಟೆ ಮೇಲೆ ಕೂತ. ಬೂಟು ಬಿಚ್ಚಿದ ಮೇಲೆ ಪಚಕ್ ಸದ್ದು ನಿಲ್ಲಬೇಕಲ್ಲ? ಅದು ನಿಂತಿತು. ಇನ್ನೊಂದು ಕೇಳಿಸ್ತು.

ಗಳಕ್... ಸುರ್ರ್.

ಗಳಕ್... ಸುರ್ರ್.

ಟಣ್.

ಬಾವಿಯೊಳಗಿಂದ ಅಂದ್ಕೊಂಡ. ಬಗ್ಗಿ ಜಾಲರಿಗೆ ಕಿವಿ ಕೊಟ್ಟ. ಬಾವಿ ಒಣಗಿ ಎಷ್ಟೋ ಕಾಲ ಆಗಿದೆ, ಒಳಗೆ ಬರೀ ಗಾಳಿ. ಸದ್ದು ಬರ್ತಿದ್ದಿದ್ದು ಹಿಂದಿನಿಂದ. ಬಂದರಿನ ಕಡೆಯಿಂದ. ರಾತ್ರಿ ಹೊತ್ತು ನೀರಿನ ಮೇಲೆ ಸದ್ದು ಎಷ್ಟು ದೂರ ಬರುತ್ತೆ ಅಂತ ನಿಮಗೂ ಗೊತ್ತಲ್ಲ... ಯಾರೋ ಡಬ್ಬದಲ್ಲಿ ನೀರು ಮೊಗೆದು ಎರಚೋ ಸದ್ದು. ಆಮೇಲೆ ಡಬ್ಬನ ಮರಕ್ಕೆ ಒಂದು ಸಲ ಕುಟ್ಟೋ ಸದ್ದು.

ಗೊಣಗಣ್ಣನಿಗೆ ಹೆದರಿಕೆ ಆಗಲಿಲ್ಲ. ಸಿಟ್ಟು ಬಂತು. ಓಹೋ, ಇಷ್ಟು ದಿನ ಯಾರೋ ಬೇಕಂತಲೇ ನೀರು ತುಂಬಿಸ್ತಿದ್ದಾರೆ! ಕಳ್ಳ ಸಿಕ್ಕ ಅಂದ್ಕೊಂಡ. ಬೂಟು ಕೈಯಲ್ಲಿ ಹಿಡ್ಕೊಂಡು ಬರಿಗಾಲಲ್ಲೇ ವಾಪಸ್ ಓಡಿದ.

ದೋಣಿ ಕಟ್ಟಿದ ಜಾಗದಲ್ಲೇ ಇತ್ತು. ಮೇಲೆ ಯಾರೂ ಇಲ್ಲ. ಹೊಟ್ಟೆಯ ಬಾಗಿಲಿಗೆ ತಾನೇ ಹಾಕಿದ ಬೀಗ ಹಾಗೇ ಇದೆ. ಒಳಗಿಂದ ಗಳಕ್... ಸುರ್ರ್...

ಬೀಗ ತೆಗೆದ. ಬಾಗಿಲು ಎತ್ತಿ ಟಾರ್ಚು ಬಿಟ್ಟ.

"ಯಾವನೋ ಅದು? ಬಾರೋ ಮೇಲೆ!"

ಯಾರೂ ಇಲ್ಲ.

ನೀರು ಮಾತ್ರ ಇತ್ತು. ಆಗಲೇ ಪಾದ ಮುಳುಗೋವಷ್ಟು. ನೋಡ್ತಾ ನೋಡ್ತಾ... ಹೊಟ್ಟೆಯ ನಟ್ಟನಡುವೆ, ಬರೀ ಗಾಳಿಯಿಂದ... ಒಂದು ಡಬ್ಬದಷ್ಟು ನೀರು ಹಾರಿ ಬಂತು. ಯಾರೋ ಬೀಸಿ ಎರಚಿದ ಹಾಗೆ. ಬಂದು ಪಕ್ಕದ ಹಲಗೆಗೆ ಬಡಿದು ಸುರ್ರ್ ಅಂತ ಕೆಳಗಿಳೀತು. ಮತ್ತೆ ಗಳಕ್. ಮತ್ತೆ ಒಂದು ಡಬ್ಬ. ನಡುನಡುವೆ ಏದುಸಿರು. ಬೆನ್ನು ನೋಯೋ ಮನುಷ್ಯ ಉಸಿರು ಬಿಡ್ತಾನಲ್ಲ, ಹ್ಹಾ... ಹ್ಹಾ... ಹಾಗೆ.

ಗೊಣಗಣ್ಣ ಮನೆಗೆ ಹೇಗೆ ಬಂದ ಅಂತ ಅವನಿಗೇ ಗೊತ್ತಿಲ್ಲ. ಬೂಟು ಅಲ್ಲೇ ಎಲ್ಲೋ ಬಿದ್ದಿತ್ತು.

ಅತ್ತಿಗೆ ಎದ್ದೇ ಇದ್ದಳು. ದೀಪ ಹಾಕೋಕೆ ಹೋದ್ರೆ ಬಿಡಲಿಲ್ಲ. ಕತ್ತಲಲ್ಲೇ, ಬಾಗಿಲ ಹಿಂದೆ ನಿಂತು, ಪಿಸುಮಾತಲ್ಲಿ ಹೇಳಿದ. ಎಲ್ಲಾ ಕೇಳಿ ಅವಳು ಕೇಳಿದ್ದು ಒಂದೇ.

"ಎರಡು ಸಲ ಎರಚಿ, ಒಂದು ಸಲ ಕುಟ್ಟೋದಾ?"

"...ಹೂಂ. ನಿನಗೆ ಹೇಗೆ ಗೊತ್ತು?"

"ಅಪ್ಪ."

ಅವತ್ತು ಆ ದೋಣಿಯಲ್ಲಿ ಅವಳೂ ಇದ್ದಳಂತೆ. ಮದುವೆಯಾಗಿ ಇಷ್ಟು ಕಾಲ ಆದ್ರೂ ಗಂಡನಿಗೆ ಆ ಮಾತು ಹೇಳಿರಲಿಲ್ಲ. ಗಾಳಿ ಎದ್ದಿತ್ತು, ಹೊಟ್ಟೆಗೆ ನೀರು ನುಗ್ಗಿತ್ತು. ಅಪ್ಪ ಒಳಗೆ ನಿಂತು ಎತ್ತಿ ಎತ್ತಿ ಹೊರಗೆ ಹಾಕ್ತಿದ್ದ. ಅವನ ಡಬ್ಬಕ್ಕೆ ಹಿಡಿ ಸಡಿಲ. ಎರಡು ಸಲಕ್ಕೊಮ್ಮೆ ಮರಕ್ಕೆ ಕುಟ್ಟಿ ಕೂರಿಸಬೇಕಿತ್ತು. ಇವಳು, ನಾನೂ ಎತ್ತುತೀನಿ ಕೊಡು ಅಂತ ಅತ್ತರೆ, "ನಿನ್ನ ಕೈ ಇನ್ನೂ ಚಿಕ್ಕದು, ಮೇಲೆ ಕೂತ್ಕೋ" ಅಂದನಂತೆ. ಅಷ್ಟರಲ್ಲಿ ಇನ್ನೊಂದು ದೋಣಿಯವರು ಬಂದು ಇವಳನ್ನ ಎಳ್ಕೊಂಡ್ರು. ಅಪ್ಪನನ್ನೂ ಕರೆದ್ರು. "ನೀವು ನಡೀರಿ, ಇದೊಂದಿಷ್ಟು ಎತ್ತಿಹಾಕಿ ಬಂದೆ" ಅಂದ...

ಅಷ್ಟೇ. ಬರಲಿಲ್ಲ.

ಗೊಣಗಣ್ಣನ ಗುಣ ಎಲ್ಲಿ ಹೋಗುತ್ತೆ? "ಎತ್ತಿಹಾಕೋನು ಹೊರಗೆ ಹಾಕಬೇಕಪ್ಪ. ನಮ್ಮ ಹೊಟ್ಟೆಯೊಳಗೆ ಯಾಕೆ ಹಾಕ್ತಾನೆ?" ಅಂದ.

"ಹೊರಗೇ ಹಾಕ್ತಿರೋದು. ಅವನು ಇನ್ನೂ ಆ ಹಳೇ ದೋಣಿಯೊಳಗೇ ಇದ್ದಾನೆ. ಅವನಿಗೆ ಹೊರಗೆ ಅಂದ್ರೆ... ನಮ್ಮ ದೋಣಿ."

"ಅಂದ್ರೆ ನಾನು ಸಾಯಂಕಾಲವೆಲ್ಲ ಆಚೆ ಹಾಕೋದು, ಅವನು ರಾತ್ರಿಯೆಲ್ಲ ಈಚೆ ಹಾಕೋದು. ಮಾವ ಅಳಿಯ ಮುಖ ನೋಡದೇನೇ ಚೆನ್ನಾಗಿ ಸಂಸಾರ ಮಾಡ್ತಿದ್ದೀವಿ!"

ಅತ್ತಿಗೆ ನಗಲಿಲ್ಲ. ಚಪ್ಪಲಿ ಮೆಟ್ಟಿದಳು.

ಇಬ್ಬರೂ ಹೋದರು. ಅವಳು ಟಾರ್ಚು ಬೇಡ ಅಂದಳು. ಸೀರೆ ಎತ್ತಿ ಕಟ್ಟಿ, ಏಣಿ ಹಿಡಿದು ಹೊಟ್ಟೆಯೊಳಗೆ ಇಳಿದಳು. ನೀರು ಆಗಲೇ ಮಂಡಿಗೆ ಬಂದಿತ್ತು. ತಣ್ಣಗೆ... ಮೂಳೆ ಕಚ್ಚೋ ಹಾಗೆ. ಇವನು ಮೇಲೆ ಬಾಗಿಲ ಹತ್ರ ಮಂಡಿಯೂರಿ ಕೂತಿದ್ದ.

ಗಳಕ್... ಸುರ್ರ್.

"ಅಪ್ಪಾ."

ಸದ್ದು ನಿಂತಿತು. ಉಸಿರು ಮಾತ್ರ. ಆಮೇಲೆ, ಗಂಟಲು ಒಣಗಿದ ದನಿ. ಗೊಣಗಣ್ಣನೂ ಕೇಳಿದ್ದಾನೆ ಅದನ್ನ.

"ಮೇಲೆ ಹೋಗು. ಕಾಲು ನೆನೆಯುತ್ತೆ."

"ನಾನು ದಡ ಸೇರಿದೆ ಅಪ್ಪಾ. ಸೇರಿ ಎಷ್ಟೋ ಕಾಲ ಆಯ್ತು. ನಿಲ್ಲಿಸು."

"ಇದೊಂದಿಷ್ಟು..."

ಗಳಕ್... ಸುರ್ರ್. ಅವಳ ಎದೆಗೇ ಬಡೀತು ನೀರು. ಉಪ್ಪು ನೀರು ಬಾಯಿಗೆ ಹೋಯ್ತು.

"ದೋಣಿ ಮುಳುಗಿಹೋಯ್ತು ಅಪ್ಪಾ. ಇನ್ನು ಎತ್ತಿ ಏನೂ ಆಗಬೇಕಿಲ್ಲ."

"ಇದೊಂದಿಷ್ಟು ಎತ್ತಿಹಾಕಿ..."

ಗಳಕ್... ಸುರ್ರ್. ಟಣ್.

ಆಗ ಅತ್ತಿಗೆಗೆ ಬಂತು ನೋಡಿ ಸಿಟ್ಟು. ಅವಳು ಗಟ್ಟಿ ದನಿ ತೆಗೆದಿದ್ದನ್ನ ನಾನಂತೂ ಯಾವತ್ತೂ ಕೇಳಿಲ್ಲ. ಅವತ್ತು ಬೈದಳಂತೆ. ದೆವ್ವ ಅಂತ ನೋಡಲಿಲ್ಲ. ಹಟಮಾರಿ ಮುದುಕನಿಗೆ ಮಗಳು ಬೈತಾಳಲ್ಲ, ಹಾಗೆ.

"ಇದೊಂದಿಷ್ಟು, ಇದೊಂದಿಷ್ಟು! ಎಷ್ಟು ಸಲ ಹೇಳಬೇಕು ನಿನಗೆ? ಅಮ್ಮ ಆ ಒಂದು ಮಾತು ಹಿಡ್ಕೊಂಡು ಸಾಯೋ ತನಕ ಬಾಗಿಲ ಅಗಳಿ ಹಾಕಲಿಲ್ಲ. ಇವರಿಗೆ ನಿದ್ದೆ ಇಲ್ಲ. ನಿನಗೆ ಸುಸ್ತಾಗಲ್ವಾ? ಕೊಡು ಇಲ್ಲಿ ಡಬ್ಬ. ನನ್ನ ಸರದಿ ಇದು."

ಎರಚೋದು ನಿಂತಿತು. ನೀರು ತೊಟ್ಟಿಕ್ಕೋ ಸದ್ದು... ತೊಟ್... ತೊಟ್...

"ನಿನ್ನ ಕೈ ಚಿಕ್ಕದು."

"ಮುಟ್ಟಿ ನೋಡು."

ಅವಳು ಕತ್ತಲಲ್ಲಿ ಎರಡೂ ಅಂಗೈ ಚಾಚಿ ನಿಂತಳು. ಮುಂದಿನದನ್ನ ಅವಳು ನನಗೆ ಒಂದೇ ಒಂದು ಸಲ ಹೇಳಿದ್ದಾಳೆ, ಅದೂ ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ, ಮುಖ ಆ ಕಡೆ ತಿರುಗಿಸಿ. ಏನೋ ಬಂದು ಅಂಗೈ ಮುಟ್ಟಿತಂತೆ. ನೀರಲ್ಲಿ ನೆನೆದು ನೆನೆದು ಸುಕ್ಕಾದ ಬೆರಳು. ಒಂದೊಂದೇ ಬೆರಳನ್ನ ಬುಡದಿಂದ ತುದಿ ತನಕ ಅಳೀತು. ಬಳೆ ಮುಟ್ಟಿತು. ಬಳೆ ಹತ್ರ ಸ್ವಲ್ಪ ಹೊತ್ತು ನಿಂತಿತು...

"ದೊಡ್ಡದಾಗಿದೆ" ಅಂತು ದನಿ.

ಆಮೇಲೆ ಕೈಗೆ ಭಾರ ಬಂತು.

ಮೇಲಿದ್ದ ಗೊಣಗಣ್ಣನಿಗೆ ಕೇಳಿಸಿದ್ದು ಮತ್ತೆ ಅದೇ ಗಳಕ್. ಅಯ್ಯೋ, ಇದು ಮುಗಿಯೋ ಕತೆ ಅಲ್ಲಪ್ಪ ಅಂತ ತಲೆ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಒಂದು ಡಬ್ಬದಷ್ಟು ನೀರು ಬಾಗಿಲಿಂದ ಮೇಲೆ ಹಾರಿ, ಅವನ ಭುಜ ನೆನೆಸಿ, ದೋಣಿಯಾಚೆ ಸಮುದ್ರಕ್ಕೆ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಟಣ್.

ಹೆದರ್ಕೊಂಡೇ ಟಾರ್ಚು ಹಾಕಿದ. ಅತ್ತಿಗೆ ಬಗ್ತಾಳೆ, ಎತ್ತುತಾಳೆ, ಬೀಸ್ತಾಳೆ. ನೀರು ಬರ್ತಿದೆ. ಅವಳ ಕೈಯಲ್ಲಿ ಏನೂ ಇಲ್ಲ.

"ಏನೇ ಇದು..." ಅಂದ.

"ಬೆಳಕು ಆರಿಸಿ. ಬಕೆಟ್ ತಗೊಂಡು ನೀವೂ ಇಳೀರಿ" ಅಂದಳು.

ಇಳಿದ. ಇಬ್ಬರೂ ಎತ್ತಿದರು. ಮಾತಿಲ್ಲ, ಕತೆಯಿಲ್ಲ. ಈ ಸಲ ಎತ್ತಿದಷ್ಟೂ ನೀರು ಕಡಿಮೆ ಆಗ್ತಾ ಬಂತು. ಮಂಡಿಯಿಂದ ಮೀನಖಂಡಕ್ಕೆ, ಅಲ್ಲಿಂದ ಪಾದಕ್ಕೆ. ಬೆಳಕು ಹರಿಯೋ ಹೊತ್ತಿಗೆ ಅಡಿಮರ ಕಾಣಿಸ್ತು. ಅತ್ತಿಗೆ ಅದರ ಮೇಲೆ ಕೂತು, ಸೆರಗಿನಲ್ಲಿ ಅದನ್ನ ಒರೆಸಿ, ಆಮೇಲೆ ಅತ್ತಳು. ಗೊಣಗಣ್ಣ ಏನು ಹೇಳಬೇಕೋ ತಿಳೀದೆ "ಸೀರೆಗೆ ಟಾರು ಹತ್ತುತ್ತೆ" ಅಂದ.

ಅವತ್ತು ಸಿಮೆಂಟು ತುಂಬಿದರು. ಒಂದು ಮೂಟೆಯೂ ನೆನೆಯಲಿಲ್ಲ. ಅವತ್ತಿಂದ ಇವತ್ತಿನ ತನಕ ಆ ಹೊಟ್ಟೆಯಲ್ಲಿ ಒಂದು ಲೋಟ ನೀರು ನಿಂತಿಲ್ಲ. ಬಡಗಿ ಈಗಲೂ ಅದು ತನ್ನ ಕೈಚಳಕ ಅಂತ ಬಂದರಿನಲ್ಲೆಲ್ಲ ಹೇಳ್ಕೊಂಡು ತಿರುಗ್ತಾನೆ. ತಿರುಗಲಿ ಬಿಡಿ.

ನಂಬಲಿಕ್ಕೆ ಆಗಲ್ಲ ಅಲ್ವಾ? ನನಗೂ ಆಗಿರಲಿಲ್ಲ. ಆಮೇಲೆ ನಾನೇ ಒಂದು ಸಲ ಅವರ ಜೊತೆ ಆ ದೋಣಿಯಲ್ಲಿ ಹೋದೆ. ರಾತ್ರಿ ಮಲಗೋ ಮುಂಚೆ ಕುಡಿಯೋ ನೀರಿನ ಕ್ಯಾನು ಕೆಳಗೆ ಹೊಟ್ಟೆಯಲ್ಲಿಡೋಕೆ ಹೋದೆ. ಮಾರನೇ ದಿನದ ಬಿಸಿಲಿಗೆ ಕಾಯೋದು ಬೇಡ ಅಂತ. ಗೊಣಗಣ್ಣ, "ಅಲ್ಲಿಡಬೇಡ ಮಾರಾಯಾ, ಎಷ್ಟು ಜನಕ್ಕೆ ಅಂತ ಹೇಳಲಿ" ಅಂತ ಶುರು ಮಾಡಿದ. ಅವನ ಗೊಣಗಾಟ ಇದ್ದಿದ್ದೇ ಅಂತ ನಾನು ಕೇಳಲಿಲ್ಲ. ತುಂಬಿದ ಕ್ಯಾನು. ಮುಚ್ಚಳ ನಾನೇ ತಿರುಗಿಸಿದ್ದು, ಬಿಗಿಯಾಗಿ.

ಬೆಳಿಗ್ಗೆ ಕ್ಯಾನು ಇಟ್ಟಲ್ಲೇ ಇತ್ತು, ನೆಟ್ಟಗೆ. ಮುಚ್ಚಳ ಹಾಕಿದ್ದು ಹಾಕಿದ ಹಾಗೇ. ಕೆಳಗಿನ ಹಲಗೆಯೂ ಒಣಗಿಯೇ ಇತ್ತು.

ಎತ್ತಿದೆ... ಹಗುರ. ತೆಗೆದು ಒಳಗೆ ಕೈ ಹಾಕಿ ನೋಡಿದೆ. ಒಂದು ಹನಿ ಇರಲಿಲ್ಲ, ಯಾರೋ ಅಷ್ಟನ್ನೂ ಎತ್ತಿಹಾಕಿ ಹೋದ ಹಾಗೆ. ಈ ಕೈಯೇ. ಆಣೆ ಮಾಡಿ ಹೇಳ್ತೀನಿ.