ಗೂಡಿನಲ್ಲಿ ಕೂತ ಕಿವಿಗಳು

ಪೂಜ್ಯ ಅರ್ಚಕರಾದ ತಿಮೊಕ್ಲೀಸರೇ, ನನ್ನ ಬೋಳುತಲೆಗೆ ಎಲೆಯ ಕಿರೀಟ ತೊಡಿಸಿದ ಹಿರಿಯರೇ, ಕುಂಬಾರ ಬಂಧುಗಳೇ, ವಾಸಿಯಾಗಿ ಬಂದಿರುವ ಮತ್ತು ವಾಸಿಯಾಗಲೆಂದು ಬಂದಿರುವ ಸಭಿಕರೇ,

ನಲವತ್ತು ವರ್ಷ ನಿಮ್ಮ ಕೈಕಾಲುಗಳನ್ನು ಮಣ್ಣಿನಲ್ಲಿ ಮಾಡಿಕೊಟ್ಟ ಈ ಲೈಸನ್‌ಗೆ ಇಂದು ಸನ್ಮಾನ ಮಾಡಿದ್ದೀರಿ. ರೋಗ ವಾಸಿಮಾಡುವ ಅಸ್ಕ್ಲೀಪಿಯಸ್ ದೇವರ ಗುಡಿಯ ಗೋಡೆಯಲ್ಲಿ, ಗುಣವಾದವರು ಹರಕೆಯಾಗಿ ತೂಗುಹಾಕಿದ ಮಣ್ಣಿನ ಕಾಲುಗಳೆಲ್ಲ ಇಳಿದು ನಡೆದರೆ ಕೊರಿಂಥ್ ಪಟ್ಟಣದಲ್ಲಿ ನಮಗೆ ಜಾಗ ಉಳಿದೀತೇ? ಒಮ್ಮೆ ಅವಸರದಲ್ಲಿ ಒಬ್ಬ ನಾವಿಕನಿಗೆ ಎಡಗಾಲಿನ ಬದಲು ಬಲಗಾಲು ಕೊಟ್ಟುಬಿಟ್ಟೆ. "ಏನಯ್ಯಾ, ದೇವ್ರು ವಾಸಿ ಮಾಡಿದ್ದು ಇದನ್ನಲ್ಲ!" ಎಂದು ಕೂಗಾಡಿದ. ನಾನು ಬಿಡುತ್ತೇನೆಯೇ? "ಎರಡೂ ನಿಂದೇ ತಾನೆ, ಹೋಗಯ್ಯಾ!" ಎಂದೆ. ಆಗ ನನ್ನ ಬಾಯಿ ಅಂಥದ್ದು.

ಮನೆಯಲ್ಲಿ ಇನ್ನೂ ಜೋರು. ಬೇಳೆಗೆ ಉಪ್ಪು ಕಡಿಮೆಯಾದರೂ ಹೆಂಡತಿ ಮಿರ್ತೊ ಮೇಲೆ ಹಾರಾಡುತ್ತಿದ್ದೆ. ಒಂದು ಚಳಿಗಾಲ ಜ್ವರ ಬಂದು ಅವಳ ಎರಡೂ ಕಿವಿ ಹೋದವು. ನನ್ನ ಬೈಗುಳವೇ ಅವನ್ನು ಮುಚ್ಚಿತೇನೋ ಎಂದು ನನಗೆ ಭಯವಾಯಿತು, ಸಭಿಕರೇ. ಒಂದು ಜೊತೆ ಮಣ್ಣಿನ ಕಿವಿ ಮಾಡಿ, ಸುಟ್ಟು, ಬಿಸಿ ಆರುವ ಮೊದಲೇ ಇಲ್ಲಿಗೆ ಓಡಿಬಂದೆ. ತಿಮೊಕ್ಲೀಸರು ಮುಟ್ಟಲಿಲ್ಲ. "ಲೈಸನ್, ಗುಣ ಆದ್ಮೇಲೆ ತಾನೆ ಹರಕೆ ಒಪ್ಪಿಸೋದು? ಮೊದ್ಲೇ ಕೊಟ್ರೆ ಲಂಚ ಆಗುತ್ತಪ್ಪಾ. ತಗೊಂಡ್ಹೋಗು" ಎಂದರು.

ಇಪ್ಪತ್ತೆರಡು ವರ್ಷದಿಂದ ಆ ಕಿವಿಗಳು ನಮ್ಮ ಮನೆಯ ಗೂಡಿನಲ್ಲಿವೆ. ದೇವರ ಮನಸ್ಸು ಕರಗಲಿಲ್ಲ. ಕೇಳದವಳ ಮೇಲೆ ಕೂಗಿ ಏನು ಬಂತು? ಎದುರು ಕೂತು, ಅವಳಿಗೆ ತುಟಿ ಕಾಣುವಂತೆ ನಿಧಾನವಾಗಿ ಮಾತಾಡಲು ಕಲಿತೆ. ಹಾಗೆ ಕೂತರೆ ಬೈಯಲು ಬರುವುದಿಲ್ಲ, ಬೇಕಾದರೆ ಮನೆಗೆ ಹೋಗಿ ಪ್ರಯತ್ನಿಸಿ ನೋಡಿ.

ಕಳೆದ ತಿಂಗಳು ಈ ಸನ್ಮಾನದ ಸುದ್ದಿ ಬಂತು. ಆ ದಿನವಾದರೂ ಅರ್ಚಕರನ್ನು ಬೇಡಿ ಒಪ್ಪಿಸೋಣವೆಂದು ಕಿವಿಗಳ ಧೂಳು ಒರೆಸುತ್ತಿದ್ದೆ. ಮಿರ್ತೊ ನೋಡಿ ನಕ್ಕಳು. "ಅವನ್ನ ಅಲ್ಲೇ ಇಡಿ. ಒಂದು ಬಾಯಿ ಮಾಡ್ಕೊಂಡ್ಹೋಗಿ. ನಮ್ಮನೇಲಿ ವಾಸಿಯಾಗಿದ್ದು ಅದೇ ಅಲ್ವಾ?"

ಇಗೋ, ಮಾಡಿ ತಂದಿದ್ದೇನೆ. ತುಟಿ ಸ್ವಲ್ಪ ಸೊಟ್ಟಗಾಗಿದೆ. ತಿಮೊಕ್ಲೀಸರೇ, ಇದು ಲಂಚವಲ್ಲ, ಗುಣವಾದ ಮೇಲೆಯೇ ತಂದದ್ದು. ಈ ಸಲ ತೆಗೆದುಕೊಳ್ಳುತ್ತೀರಲ್ಲ?

ಸನ್ಮಾನಿಸಿದ ನಿಮಗೆಲ್ಲ ಕೇಳುವಂತೆ ಧನ್ಯವಾದ ಹೇಳುತ್ತೇನೆ. ಇನ್ನೊಂದು ಮಾತು ಮುಂದಿನ ಸಾಲಿನಲ್ಲಿ ಕೂತವಳಿಗೆ. ಅದನ್ನು ಕಾಣುವಂತೆ, ನಿಧಾನವಾಗಿ ಹೇಳುತ್ತೇನೆ: ಮಿರ್ತೊ, ನಮಸ್ಕಾರ.