ಮೂತ್ರಪಿಂಡ ಕವಲೊಡೆಯುವ ಹೊತ್ತು

ಕ್ಷಮಿಸಿ, ಫೋನ್ ಕಟ್ಟಾಯ್ತು — ಮತ್ತೆ ಮೊದಲಿಂದ ಶುರು ಮಾಡ್ತೀನಿ. ಸ್ಫಾಕ್ಸ್ ಊರಿನ ಗೆಳೆಯರೇ, ಮುಂದಿನ ಸಾಲಲ್ಲಿ ಕೂತಿರುವ, ಪ್ರೊಫೆಸರ್ ಅವರ ಪತಿ ಸೀ ಲಸಾದ್ ಅವರೇ, ಮನೆಯವರೇ — ನಾನು ರವೂಫ್, ಪ್ರಯೋಗಾಲಯದಿಂದ ಮಾತಾಡ್ತಿದೀನಿ. ನಮ್ಮ ಪ್ರೊಫೆಸರ್ ದಲೆಂದಾ ಅವರು ತೀರಿಕೊಂಡ ನಲವತ್ತನೇ ದಿನದ ಸಭೆ, ನಾನೇ ಅಲ್ಲಿಲ್ಲ. ಅವರ ಕೊನೆಯ ಪ್ರಯೋಗದ ಫಲಿತಾಂಶ ಈಗಲೇ ನೋಡಬೇಕು. ಬಟ್ಟಲಲ್ಲಿರೋ ಅಂಗಾಂಶಕ್ಕೆ ಸಾವು ಸೂತಕ ತಿಳಿಯಲ್ಲ. ಅವರೇ ಹೇಳ್ತಿದ್ರಲ್ಲ — "ನಾವು ಸ್ಫಾಕ್ಸಿನೋರು, ದುಡಿಮೆಗೇ ಹೆಸರಾದೋರು, ಅಂಗಡಿ ಮುಚ್ಚಿ ಹೆಣ ಹೊರೋಕೆ ಹೋದ್ರೆ ಹೆಣಾನೇ ಎದ್ದು ಬಯ್ಯುತ್ತೆ!"

ಗರ್ಭದಲ್ಲಿ ಮೂತ್ರಪಿಂಡ ಹುಟ್ಟೋದು ಕರೆದು ಓಗೊಡೋದರಿಂದ. ಒಂದು ಕಡೆ ಜೀವಕೋಶಗಳ ಮುದ್ದೆ, ಇನ್ನೊಂದು ಕಡೆ ನಳಿಕೆಯ ಮೊಳಕೆ. ಮುದ್ದೆ ಒಂದು ಬೆಳವಣಿಗೆ ಅಂಶ ಸುರಿಸಿ ಮೊಳಕೆಯನ್ನ ಕರೆಯುತ್ತೆ. ಮೊಳಕೆ ಬಂದು ಕವಲೊಡೆಯುತ್ತೆ, ತನ್ನ ಅಂಶಗಳನ್ನ ಕೊಟ್ಟು ಮುದ್ದೆ ಸಾಯದ ಹಾಗೆ ಕಾಯುತ್ತೆ. ಊಟಕ್ಕೆ ಕೂತಾಗ ಸೀ ಲಸಾದ್ ಇದನ್ನ ಕೇಳಿ ನಕ್ಕಿದ್ರು. ದಲೆಂದಾ ಬಿಡ್ತಾರಾ? "ನಗಬೇಡ. ನಮ್ಮಲ್ಲೂ ಕರೆದಿದ್ದು ನಾನು. ಮೊಳಕೆಯಾದ್ರೂ ಹೊತ್ತಿಗೆ ಸರಿಯಾಗಿ ಬರುತ್ತೆ!"

ಕವಲು ಕಡಿಮೆಯಾದ್ರೆ ರಕ್ತ ಸೋಸೋ ಶೋಧಕಗಳೂ ಕಡಿಮೆ — ಹುಟ್ಟಿದ ಮೇಲೆ ತುಂಬಿಕೊಳ್ಳೋ ಹಾಗಿಲ್ಲ. ದಲೆಂದಾ ಅವರ ತಾಯಿ ಬಸುರಿಯಾಗಿದ್ದಾಗ ಅರೆಹೊಟ್ಟೆಯಲ್ಲಿದ್ರು. ಮಗಳ ಮೂತ್ರಪಿಂಡ ಐವತ್ತೆಂಟಕ್ಕೇ ಸೋತಿತು. ಡಯಾಲಿಸಿಸ್ ಕುರ್ಚಿಯಲ್ಲಿ ಕೂತೇ ಈ ಪ್ರಯೋಗದ ಯೋಜನೆ ಹಾಕಿದ್ರು — ಅರೆಹೊಟ್ಟೆಯ ತಾಯಿ ಇಲಿಯ ಭ್ರೂಣದಿಂದ ಮೂತ್ರಪಿಂಡ ಬಿಡಿಸಿ ಬಟ್ಟಲಲ್ಲಿಟ್ಟು, ಮೊಳಕೆ ಕರೆಯೋ ಆ ಅಂಶವನ್ನ ನಾವೇ ಹನಿಸಿದ್ರೆ, ಕವಲು ಹೆಚ್ಚುತ್ತಾ? ಉತ್ತರ ಬಂದ ದಿನವೇ ತಿಳಿಸ್ತೀನಿ ಅಂತ ಸೀ ಲಸಾದ್‌ಗೆ ಮಾತು ಕೊಟ್ಟಿದ್ದೆ.

ಒಂದು ನಿಮಿಷ — ಅವರ ಕೊನೆಯ ವಿದ್ಯಾರ್ಥಿನಿ ವಿಸಾಲ್ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ್ಲು. ಏನಮ್ಮಾ?

"ಇಲ್ಲ ಸಾರ್. ಹನಿಸಿದ್ದರಲ್ಲೂ ಅಷ್ಟೇ, ಹನಿಸದೇ ಇದ್ದದ್ದರಲ್ಲೂ ಅಷ್ಟೇ."

ಕೇಳಿಸ್ತಾ, ಸೀ ಲಸಾದ್? — ಕವಲು ಹೆಚ್ಚಿಲ್ಲ. ಬೇರೆ ಸುದ್ದಿ ಹೇಳೋ ಆಸೆ ಇತ್ತು ನನಗೆ.

ಏನಂದ್ರಿ? ... ವಿಸಾಲ್, ಇಷ್ಟಕ್ಕೇ ನಿಲ್ಲಿಸ್ತೀಯಾ ಅಂತ ಕೇಳ್ತಿದಾರೆ.

"ನಿಲ್ಲಿಸೋದಾ? ನಾವು ಹನಿಸಿದ್ದೇ ತಡವಾಗಿರಬಹುದು, ಇನ್ನೂ ಎಳೇ ಮೊಳಕೆಗೆ ಹನಿಸಿ ನೋಡ್ಬೇಕು. ಇನ್ನೊಂದು ಭ್ರೂಣದ್ದು ಬಿಡಿಸಿಟ್ಟಿದೀನಿ, ಒಣಗ್ತಿದೆ. ಆ ಫೋನ್ ಇಟ್ಟು ಬನ್ನಿ ಸಾರ್, ಮಾತು ಆಮೇಲೆ!"

ಬಂದೆ, ಬಂದೆ. — ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ದಲೆಂದಾ ಅವರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ನಾವಿಬ್ಬರು ಇಲ್ಲಿ ಕೆಲಸ ಮಾಡ್ತಾ ಮೌನವಾಗಿರ್ತೀವಿ.

ಇಡ್ತೀನಿ.